ಬರಬೇಕಾದ ಮೇಲ್ ಬಾಗಿಲಲ್ಲೇ ವಾಪಸ್ ಹೋಗುತ್ತಿದೆಯಾ? ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

"ನಿಮಗೆ ಕಳಿಸಿದ ಮೇಲ್ ವಾಪಸ್ ಬಂತು" ಎಂದು ಯಾರಾದರೂ ಫೋನ್ ಮಾಡಿದಾಗಲೇ ನಮಗೆ ವಿಷಯ ಗೊತ್ತಾಗುವುದು. ಹೊರಗೆ ಹೋಗುವ ಮೇಲ್ ಕೆಟ್ಟರೆ ನಮ್ಮದೇ ಕ್ಯೂನಲ್ಲಿ (ಕಾಯುವ ಮೇಲ್‌ಗಳ ಸಾಲಿನಲ್ಲಿ) ರಾಶಿ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಒಳಗೆ ಬರುವುದು ಕೆಟ್ಟರೆ ಏನೂ ಕಾಣುವುದಿಲ್ಲ. ಇನ್‌ಬಾಕ್ಸ್ ಸುಮ್ನೆ ಖಾಲಿ ಇರುತ್ತದೆ, ಇವತ್ತು ಮೇಲ್ ಕಡಿಮೆ ಅಂದುಕೊಂಡು ನಾವೂ ಸುಮ್ಮನಿರುತ್ತೇವೆ.

ಸ್ವಂತ ಮೇಲ್ ಸರ್ವರ್ ನೋಡಿಕೊಳ್ಳುವವರಿಗಾಗಿ ಇದು. ಇಲ್ಲಿ ನಾನು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಪ್ರೋಗ್ರಾಮ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿಮ್ಮದು ಎಕ್ಸಿಮ್ ಅಥವಾ ಸೆಂಡ್‌ಮೇಲ್ ಆದರೆ ಸೆಟ್ಟಿಂಗ್ ಹೆಸರು ಬೇರೆ, ಹುಡುಕುವ ದಾರಿ ಮಾತ್ರ ಇದೇ. ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.

ಹಂತ 1: ಮೊದಲು ನಷ್ಟ ನಿಲ್ಲಿಸಿ

ಕಾರಣ ಹುಡುಕುವ ಮೊದಲೇ ಈ ಕೆಲಸ ಮಾಡಿ. ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್ ಫೈಲಾದ ಮೇನ್ ಡಾಟ್ ಸಿಎಫ್‌ನಲ್ಲಿ ಸಾಫ್ಟ್_ಬೌನ್ಸ್ = ಯೆಸ್ ಎಂದು ಹಾಕಿ, ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ.

ಇದು ಯಾಕೆ ಬೇಕು ಅಂದರೆ, ನಮ್ಮ ಸರ್ವರ್ ಕೊಡುವ ಉತ್ತರದ ಮೊದಲ ಅಂಕಿಯಲ್ಲೇ ಎಲ್ಲ ಇದೆ. 5ರಿಂದ ಶುರುವಾದರೆ ಅದು ಕೊನೆಯ ಮಾತು: ಕಳಿಸಿದ ಸರ್ವರ್ ಮತ್ತೆ ಪ್ರಯತ್ನಿಸುವುದಿಲ್ಲ, ಮೇಲ್ ಬೌನ್ಸ್ ಆಗಿ ಕಳಿಸಿದವರಿಗೇ ವಾಪಸ್ ಹೋಗುತ್ತದೆ. 4ರಿಂದ ಶುರುವಾದರೆ "ಈಗ ಆಗಲ್ಲ, ಆಮೇಲೆ ಬಾ" ಎಂದರ್ಥ. ಆಗ ಆ ಸರ್ವರ್ ಮೇಲನ್ನು ತನ್ನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಂದು ತಟ್ಟುತ್ತದೆ. ಕಡಿಮೆ ಅಂದರೂ 4-5 ದಿನ ಹೀಗೆ ಪ್ರಯತ್ನಿಸಬೇಕು ಎಂದು ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಸಾಗಿಸುವ ವಿಧಾನ) ನಿಯಮವೇ ಹೇಳುತ್ತದೆ, ಪೋಸ್ಟ್‌ಫಿಕ್ಸ್ ಕೂಡ ತಾನು ಕಳಿಸುವಾಗ 5 ದಿನ ಪ್ರಯತ್ನಿಸುತ್ತದೆ. ಸಾಫ್ಟ್_ಬೌನ್ಸ್ ಹಾಕಿದರೆ ನಮ್ಮ 5ಗಳೆಲ್ಲ 4 ಆಗುತ್ತವೆ. ನೀವು ನಿಧಾನವಾಗಿ ಹುಡುಕಿ, ಸರಿಮಾಡಿ, ಮೇಲ್ ಕಾಯುತ್ತದೆ.

ಆದರೆ ಇದನ್ನು ಹಾಗೇ ಬಿಟ್ಟುಬಿಡಬೇಡಿ. ನಿಜವಾಗಿಯೂ ಇಲ್ಲದ ವಿಳಾಸಕ್ಕೆ ಬರೆದವರಿಗೆ ತಪ್ಪು ಗೊತ್ತಾಗಲು ಐದು ದಿನ ಬೇಕಾಗುತ್ತದೆ. ಕೆಲವು ಗಂಟೆಯ ಉಪಾಯ ಇದು, ಅಷ್ಟೇ.

ಗಾಬರಿಯಲ್ಲಿ ಜಾಸ್ತಿ ಜನ ಮಾಡುವುದು ಬೇರೆಯೇ: ನಿರ್ಬಂಧದ ಸಾಲುಗಳನ್ನೆಲ್ಲ ಅಳಿಸಿ ನೋಡುವುದು. ದಯವಿಟ್ಟು ಬೇಡ. ರಿಲೇ ತಡೆಯುವ ಸಾಲು ಹೋಯಿತು ಅಂದರೆ ಯಾರು ಬೇಕಾದರೂ ನಿಮ್ಮ ಸರ್ವರ್ ಮೂಲಕ ಸ್ಪ್ಯಾಮ್ ಕಳಿಸಬಹುದು. ನಿಮ್ಮ ಐಪಿ ಬ್ಲಾಕ್‌ಲಿಸ್ಟ್ (ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿ) ಸೇರಿದರೆ ಆಮೇಲೆ ಹೊರಗೆ ಹೋಗುವ ಮೇಲೂ ನಿಲ್ಲುತ್ತದೆ. ಒಂದು ತೊಂದರೆ ಇದ್ದದ್ದು ಎರಡಾಯಿತು.

ಹಂತ 2: ಬೌನ್ಸ್ ಪತ್ರವನ್ನು ಪೂರ್ತಿ ತರಿಸಿಕೊಳ್ಳಿ

"ಮೇಲ್ ಹೋಗ್ತಿಲ್ಲ" ಎಂಬ ಮಾತಿನಿಂದ ಏನೂ ಆಗುವುದಿಲ್ಲ. ಸ್ಕ್ರೀನ್‌ಶಾಟ್ ಕೂಡ ಸಾಲದು, ಯಾಕೆಂದರೆ ಮೇಲಿನ ನಾಲ್ಕು ಸಾಲಿನಲ್ಲಿ ಬರೀ ವಿಷಾದದ ಮಾತು ಇರುತ್ತದೆ. ಬೌನ್ಸ್ ಆದ ಮೇಲಿನ ಪೂರ್ತಿ ಪಠ್ಯ ಕೇಳಿ. ಅದರಲ್ಲಿ ಡಯಾಗ್ನಾಸ್ಟಿಕ್-ಕೋಡ್ ಎಂಬ ಸಾಲು ಹುಡುಕಿ. ತಿರಸ್ಕರಿಸಿದ ಸರ್ವರ್ ಹೇಳಿದ ಮಾತು ಅಲ್ಲಿ ಇದ್ದ ಹಾಗೇ ಇರುತ್ತದೆ. ಅದರ ಹತ್ತಿರವೇ ಇರುವ ರಿಮೋಟ್-ಎಂಟಿಎ ಸಾಲು ಯಾವ ಸರ್ವರ್ ಹಾಗೆ ಹೇಳಿತು ಎಂದು ತಿಳಿಸುತ್ತದೆ.

ಈ ಎರಡನೆಯ ಸಾಲನ್ನು ಗಮನವಿಟ್ಟು ನೋಡಿ. ಅಲ್ಲಿರುವುದು ನಿಮ್ಮ ಸರ್ವರ್ ಹೆಸರೇನಾ? ಎಷ್ಟೋ ಸಲ ಅಲ್ಲ. ಹಳೆಯ ಸರ್ವರ್ ಹೆಸರು ಇರಬಹುದು, ಅಂದರೆ ಡಿಎನ್‌ಎಸ್ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) ಇನ್ನೂ ಹಳೆಯದನ್ನೇ ತೋರಿಸುತ್ತಿದೆ. ಅಥವಾ ಕಳಿಸಿದವರ ಕಡೆಯ ಸರ್ವರೇ ಅವರ ಮೇಲನ್ನು ತಡೆದಿರಬಹುದು. ಆಗ ನಿಮ್ಮ ಲಾಗ್‌ನಲ್ಲಿ ಇಡೀ ದಿನ ಹುಡುಕಿದರೂ ಏನೂ ಸಿಗುವುದಿಲ್ಲ. ಸಮಯ ಮತ್ತು ಟೈಮ್‌ಜೋನ್ ಕೂಡ ಬರೆದಿಟ್ಟುಕೊಳ್ಳಿ.

ಹಂತ 3: ಲಾಗ್‌ನ ಒಂದೇ ಒಂದು ಸಾಲು

ಡೆಬಿಯನ್, ಉಬುಂಟು ಕಡೆ ಲಾಗ್ ಫೈಲ್ ಹೆಸರು ಮೇಲ್ ಡಾಟ್ ಲಾಗ್. ರೆಡ್ ಹ್ಯಾಟ್ ಬಳಗದಲ್ಲಿ ಮೇಲ್‌ಲಾಗ್. ಎರಡೂ ವಾರ್ ಫೋಲ್ಡರ್‌ನ ಲಾಗ್ ಒಳಗಿರುತ್ತವೆ. ಡೆಬಿಯನ್ 12ರಿಂದ ಈಚೆಗೆ ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ಹಾಗಾಗಿ ಫೈಲೇ ಕಾಣದಿದ್ದರೆ ಜರ್ನಲ್‌ಸಿಟಿಎಲ್ ಕಮ್ಯಾಂಡ್‌ನಲ್ಲಿ ಹುಡುಕಿ. ಹುಡುಕಬೇಕಾದ ಪದ "ರಿಜೆಕ್ಟ್". ಸಿಗುವ ಸಾಲು ಹೀಗಿರುತ್ತದೆ:

*ನೋಕ್ಯೂ: ರಿಜೆಕ್ಟ್: ಆರ್‌ಸಿಪಿಟಿ ಫ್ರಮ್ ಅನ್‌ನೋನ್[192.0.2.10]: 450 4.7.25 ಕ್ಲೈಂಟ್ ಹೋಸ್ಟ್ ರಿಜೆಕ್ಟೆಡ್: ಕೆನಾಟ್ ಫೈಂಡ್ ಯುವರ್ ಹೋಸ್ಟ್‌ನೇಮ್; ಫ್ರಮ್=… ಟು=… ಹೆಲೋ=…*

ಇದನ್ನು ತುಂಡು ತುಂಡಾಗಿ ಓದೋಣ. ನೋಕ್ಯೂ ಅಂದರೆ ಮೇಲ್ ಕ್ಯೂ ಒಳಗೇ ಬಂದಿಲ್ಲ, ಬಾಗಿಲಲ್ಲೇ ನಿಂತಿದೆ. ಆರ್‌ಸಿಪಿಟಿ ಅಂದರೆ "ಯಾರಿಗೆ" ಎಂದು ಹೇಳುವ ಹಂತದಲ್ಲಿ ನಿಂತಿದೆ. ಪೋಸ್ಟ್‌ಫಿಕ್ಸ್ ಬೇಕೆಂದೇ ಅಲ್ಲಿಯವರೆಗೆ ಕಾದು ಆಮೇಲೆ ತಿರಸ್ಕರಿಸುತ್ತದೆ, ಲಾಗ್‌ನಲ್ಲಿ ಯಾರಿಂದ ಯಾರಿಗೆ ಎಂಬುದೆಲ್ಲ ದಾಖಲಾಗಲಿ ಎಂದು. ಅನ್‌ನೋನ್ ಅಂದರೆ ಆ ಐಪಿಯ ಹೆಸರು ಸಿಗಲಿಲ್ಲ. 450 ತಾತ್ಕಾಲಿಕ. ಅದರ ಪಕ್ಕದ ಮೂರಂಕಿಯ ಗುಂಪು ಕಾರಣದ ಜಾತಿ ಹೇಳುತ್ತದೆ: ನಡುವಿನ ಅಂಕಿ 1 ಆದರೆ ವಿಳಾಸದ ತೊಂದರೆ, 2 ಆದರೆ ಮೇಲ್‌ಬಾಕ್ಸ್‌ನದು, 3 ಆದರೆ ಸರ್ವರ್‌ನದೇ ತೊಂದರೆ, 7 ಆದರೆ ಯಾವುದೋ ನೀತಿ ಅಥವಾ ಭದ್ರತೆಯ ನಿಯಮ ತಡೆದಿದೆ.

ಆರ್‌ಸಿಪಿಟಿ ಜಾಗದಲ್ಲಿ "ಮಿಲ್ಟರ್-ರಿಜೆಕ್ಟ್: ಎಂಡ್-ಆಫ್-ಮೆಸೇಜ್" ಎಂದಿದ್ದರೆ ಮೇಲ್ ಪೂರ್ತಿ ಬಂದ ಮೇಲೆ ಮಿಲ್ಟರ್ (ಪೋಸ್ಟ್‌ಫಿಕ್ಸ್‌ಗೆ ಜೋಡಿಸಿದ ಫಿಲ್ಟರ್), ಸಾಮಾನ್ಯವಾಗಿ ಸ್ಪ್ಯಾಮ್ ಫಿಲ್ಟರ್, ತಡೆದಿದೆ. ಆಗ ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ ಮುಟ್ಟಬೇಡಿ, ಫಿಲ್ಟರ್‌ನ ಲಾಗ್ ನೋಡಿ. ಆರ್‌ಸ್ಪ್ಯಾಮ್‌ಡಿ ಎಂಬ ಫಿಲ್ಟರ್ ಇದ್ದರೆ ಅದು ಸಾಮಾನ್ಯವಾಗಿ 15 ಅಂಕ ದಾಟಿದರೆ ತಿರಸ್ಕರಿಸುತ್ತದೆ, ಯಾವ ನಿಯಮಕ್ಕೆ ಎಷ್ಟು ಅಂಕ ಬಿತ್ತು ಎಂಬುದೂ ಅಲ್ಲೇ ಇರುತ್ತದೆ.

ಸಾಲೇ ಸಿಗದಿದ್ದರೆ?

ಅಂದರೆ ಆ ಮೇಲ್ ನಿಮ್ಮ ಬಾಗಿಲ ತನಕ ಬಂದೇ ಇಲ್ಲ, ಅಥವಾ ಬಂದು ಮಾತಾಡುವ ಮೊದಲೇ ಹೋಗಿದೆ. ಎಂಎಕ್ಸ್ ರೆಕಾರ್ಡ್ (ನಿಮ್ಮ ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಎಂದು ಡಿಎನ್‌ಎಸ್‌ನಲ್ಲಿ ಹೇಳುವ ಸಾಲು) ಸರಿಯಾದ ಹೆಸರನ್ನು ತೋರಿಸುತ್ತಿದೆಯಾ ನೋಡಿ. ಆ ಹೆಸರು ಸಿನೇಮ್ (ಇನ್ನೊಂದು ಹೆಸರಿನ ಕಡೆ ತೋರಿಸುವ ಅಡ್ಡಹೆಸರು) ಆಗಿರಬಾರದು, ನೇರ ಐಪಿಗೆ ಹೋಗಬೇಕು. ಆ ಹೆಸರಿಗೆ ಐಪಿವಿ6 ವಿಳಾಸವೂ ಇದ್ದು ನಿಮ್ಮ ಪೋಸ್ಟ್‌ಫಿಕ್ಸ್ ಐಪಿವಿ4 ಮಾತ್ರ ಕೇಳುತ್ತಿದ್ದರೆ ಐಪಿವಿ6 ಇರುವ ಸರ್ವರ್‌ಗಳು ಮೊದಲು ಅಲ್ಲಿಗೇ ಬಂದು ಎಡವುತ್ತವೆ. ಇನೆಟ್_ಇಂಟರ್‌ಫೇಸಸ್ ಸೆಟ್ಟಿಂಗ್ ಲೂಪ್‌ಬ್ಯಾಕ್-ಓನ್ಲಿ (ಹೊರಗಿನವರ ಮಾತು ಕೇಳುವುದೇ ಇಲ್ಲ) ಎಂದಿದೆಯಾ, ಫೈರ್‌ವಾಲ್‌ನಲ್ಲಿ ಪೋರ್ಟ್ 25 ತೆರೆದಿದೆಯಾ, ಇವನ್ನೂ ನೋಡಿ. ಪರೀಕ್ಷೆಯನ್ನು ಹೊರಗಿನ ಇನ್ನೊಂದು ಸರ್ವರ್‌ನಿಂದ ಮಾಡಿ. ಮನೆಯ ಇಂಟರ್‌ನೆಟ್‌ನಿಂದ ಟೆಲ್‌ನೆಟ್ ಮಾಡಿದರೆ ಹೊರಹೋಗುವ ಪೋರ್ಟ್ 25 ಅನ್ನು ಸೇವೆ ಕೊಡುವವರೇ ಮುಚ್ಚಿರಬಹುದು, ನೀವು ನಿಮ್ಮ ಸರ್ವರ್ ಮೇಲೆ ಸುಳ್ಳು ಅನುಮಾನ ಪಡುತ್ತೀರಿ.

ಇನ್ನೊಂದು ರೀತಿ ಇದೆ: ಲಾಗ್‌ನಲ್ಲಿ ಕನೆಕ್ಟ್ ಇದೆ, ಸ್ಟಾರ್ಟ್‌ಟಿಎಲ್‌ಎಸ್ (ಮಾತುಕತೆ ಗೂಢಲಿಪಿಗೆ ಬದಲಾಗುವ ಹಂತ) ಇದೆ, ತಕ್ಷಣ ಡಿಸ್‌ಕನೆಕ್ಟ್ ಇದೆ, ನಡುವೆ ಏನೂ ಇಲ್ಲ. ಇಲ್ಲಿ ಬೇಡ ಅಂದದ್ದು ಅವರು, ನಾವಲ್ಲ. ಸಾಮಾನ್ಯವಾಗಿ ಮೇಲ್ ಸರ್ವರ್‌ಗಳು ಸರ್ಟಿಫಿಕೇಟ್ ಅವಧಿ ಮುಗಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನಿಮ್ಮ ಡೊಮೇನ್‌ಗೆ ಎಂಟಿಎ-ಎಸ್‌ಟಿಎಸ್ (ಸರ್ಟಿಫಿಕೇಟ್ ಸರಿಯಿದ್ದರೆ ಮಾತ್ರ ಕಳಿಸಿ ಎಂಬ ನೀತಿ) ಎನ್‌ಫೋರ್ಸ್ ಎಂದು ಹಾಕಿದ್ದರೆ, ಇಲ್ಲವೇ ಡೇನ್‌ಗಾಗಿ ಟಿಎಲ್‌ಎಸ್‌ಎ ರೆಕಾರ್ಡ್ (ಸರ್ಟಿಫಿಕೇಟ್‌ನ ಗುರುತನ್ನು ಡಿಎನ್‌ಎಸ್‌ನಲ್ಲಿ ಬರೆದಿಡುವ ಸಾಲು) ಇಟ್ಟಿದ್ದರೆ, ಅದನ್ನು ನೋಡುವ ಸರ್ವರ್‌ಗಳು ಸರ್ಟಿಫಿಕೇಟ್ ಹೊಂದದಿದ್ದರೆ ಮೇಲ್ ಕೊಡುವುದೇ ಇಲ್ಲ. ಸರ್ಟಿಫಿಕೇಟ್ ರಿನ್ಯೂ ಆದಾಗ ಕೀ ಬದಲಾಗಿ, ಟಿಎಲ್‌ಎಸ್‌ಎ ಹಳೆಯದೇ ಉಳಿದಿರುವುದು ಇದಕ್ಕೆ ಮಾಮೂಲಿ ಕಾರಣ. ರಿನ್ಯೂ ಮಾಡುವಾಗ ಅದೇ ಕೀ ಉಳಿಸಿಕೊಳ್ಳುವಂತೆ ಹೇಳಿದರೆ ಈ ರಗಳೆ ಇರುವುದಿಲ್ಲ.

ಹಂತ 4: ಕಾರಣ ಹಿಡಿಯಿರಿ

*ಯೂಸರ್ ಅನ್‌ನೋನ್, 550 5.1.1.* ಸಾಲಿನ ಕೊನೆಯಲ್ಲಿ ಯಾವ ಟೇಬಲ್ (ವಿಳಾಸಗಳ ಪಟ್ಟಿ) ಎಂದಿದೆ ಓದಿ. ನಿಮ್ಮ ವಿಳಾಸಗಳು ವರ್ಚುವಲ್ ಟೇಬಲ್‌ನಲ್ಲಿದ್ದು, ಲಾಗ್ "ಲೋಕಲ್ ರೆಸಿಪಿಯೆಂಟ್ ಟೇಬಲ್" ಎನ್ನುತ್ತಿದ್ದರೆ ಡೊಮೇನ್ ತಪ್ಪು ಜಾಗದಲ್ಲಿದೆ. ಒಂದೇ ಡೊಮೇನನ್ನು ಮೈಡೆಸ್ಟಿನೇಶನ್ ಮತ್ತು ವರ್ಚುವಲ್_ಮೇಲ್‌ಬಾಕ್ಸ್_ಡೊಮೇನ್ಸ್ ಎರಡರಲ್ಲೂ ಹಾಕಬಾರದು. ಹಾಕಿದರೆ ಪೋಸ್ಟ್‌ಫಿಕ್ಸ್ ಲಾಗ್‌ನಲ್ಲೇ ಎಚ್ಚರಿಸುತ್ತದೆ, ನಾವು ಓದುವುದಿಲ್ಲ, ಅಷ್ಟೇ. ಟೇಬಲ್ ಸರಿಯಿದ್ದರೆ ಪೋಸ್ಟ್‌ಮ್ಯಾಪ್ ಕಮ್ಯಾಂಡ್‌ಗೆ ಕ್ಯೂ ಅಕ್ಷರದ ಆಪ್ಶನ್ ಕೊಟ್ಟು ಆ ವಿಳಾಸ ಕೇಳಿ. ಉತ್ತರ ಬರದಿದ್ದರೆ ಸರ್ವರ್‌ಗೂ ಉತ್ತರ ಬರುತ್ತಿಲ್ಲ ಎಂದೇ ಅರ್ಥ. ಹ್ಯಾಶ್ ಫೈಲ್ ತಿದ್ದಿ ಪೋಸ್ಟ್‌ಮ್ಯಾಪ್ ಓಡಿಸುವುದನ್ನು ಮರೆತಿರುವುದು ತುಂಬಾ ಸಾಮಾನ್ಯ. ಪ್ಲಸ್ ಚಿಹ್ನೆ ಇರುವ ವಿಳಾಸ ಮಾತ್ರ ವಾಪಸ್ ಹೋಗುತ್ತಿದ್ದರೆ ರೆಸಿಪಿಯೆಂಟ್_ಡಿಲಿಮಿಟರ್ ಹಾಕಿಲ್ಲ.

ನೀವು ಒಳಗಿನ (ಮೇಲ್‌ಬಾಕ್ಸ್ ಇರುವ) ಇನ್ನೊಂದು ಸರ್ವರ್ ಅನ್ನು ಕೇಳಿ ವಿಳಾಸ ಖಚಿತಪಡಿಸುವ ನಿಯಮ ಹಾಕಿದ್ದರೆ ಒಂದು ವಿಷಯ ನೆನಪಿಡಿ. "ಇಲ್ಲ" ಎಂಬ ಉತ್ತರವನ್ನೂ ಪೋಸ್ಟ್‌ಫಿಕ್ಸ್ ನೆನಪಿಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ 3 ಗಂಟೆ ಆದ ಮೇಲೇ ಮತ್ತೆ ಕೇಳುತ್ತದೆ. ಸರಿಪಡಿಸಿದ ಮೇಲೂ ತಿರಸ್ಕಾರ ಮುಂದುವರಿದರೆ ಗಾಬರಿ ಬೇಡ.

*ರಿಲೇ ಆಕ್ಸೆಸ್ ಡಿನೈಡ್.* ಒಳಬರುವ ಮೇಲಿಗೆ ಈ ಮಾತು ಬಂದರೆ "ಈ ಡೊಮೇನ್ ನನ್ನದಲ್ಲ" ಎಂದು ನಿಮ್ಮ ಸರ್ವರ್ ಹೇಳುತ್ತಿದೆ. ಡೊಮೇನನ್ನು ಸರಿಯಾದ ಪಟ್ಟಿಗೆ ಸೇರಿಸಿ. ಅಕ್ಷರ ತಪ್ಪು, ಡೇಟಾಬೇಸ್‌ನಲ್ಲಿ ಆ ಡೊಮೇನ್ ನಿಷ್ಕ್ರಿಯ ಎಂದಾಗಿರುವುದು, ಇಂಥ ಸಣ್ಣ ಕಾರಣವೇ ಜಾಸ್ತಿ.

*ಬ್ಲಾಕ್ಡ್ ಯೂಸಿಂಗ್…, 554 5.7.1.* ಬ್ಲಾಕ್‌ಲಿಸ್ಟ್, ಕಳಿಸುವವರ ಐಪಿ ಅದರಲ್ಲಿದೆಯಾ ಎಂದು ಸರ್ವರ್ ಡಿಎನ್‌ಎಸ್ ಮೂಲಕ ಕೇಳುತ್ತದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಒಮ್ಮೆ ನಾನು ನೋಡಿಕೊಳ್ಳುತ್ತಿದ್ದ ಸರ್ವರ್‌ನಲ್ಲಿ ಒಂದು ರಾತ್ರಿಯಿಂದ ಹೊರಗಿನ ಒಂದೂ ಮೇಲ್ ಬರಲಿಲ್ಲ. ಬೆಳಿಗ್ಗೆ ಲಾಗ್ ತೆರೆದರೆ ಪರದೆ ತುಂಬಾ ರಿಜೆಕ್ಟ್ ಸಾಲುಗಳು, ಎಲ್ಲದರಲ್ಲೂ ಒಂದೇ ಬ್ಲಾಕ್‌ಲಿಸ್ಟ್ ಹೆಸರು, ಕಳಿಸಿದವರು ಮಾತ್ರ ಪ್ರಪಂಚದ ಎಲ್ಲ ಕಡೆಯವರು. ಎಲ್ಲರೂ ಒಂದೇ ರಾತ್ರಿ ಸ್ಪ್ಯಾಮರ್ ಆಗಲು ಸಾಧ್ಯವಿಲ್ಲ ಅಲ್ವಾ? ಹಿಂದಿನ ಸಂಜೆ ಸರ್ವರ್‌ನ ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆಗಳನ್ನು ಕೇಳಿಕೊಡುವ ಪ್ರೋಗ್ರಾಮ್) ಬದಲಾಗಿ ಸಾರ್ವಜನಿಕ ಡಿಎನ್‌ಎಸ್‌ಗೆ ಹೋಗಿತ್ತು. ಅಲ್ಲಿಂದ ಕೇಳಿದರೆ ಆ ಪಟ್ಟಿ "ನಿಮಗೆ ಉತ್ತರ ಕೊಡುವುದಿಲ್ಲ" ಎಂಬ ಅರ್ಥದ ಒಂದು ವಿಶೇಷ ಅಂಕಿ ಕಳಿಸುತ್ತದೆ. ನನ್ನ ಪೋಸ್ಟ್‌ಫಿಕ್ಸ್‌ಗೆ ಯಾವ ಅಂಕಿ ಬಂದರೂ "ಪಟ್ಟಿಯಲ್ಲಿದ್ದಾರೆ" ಎಂದೇ ಅರ್ಥವಾಗುತ್ತಿತ್ತು.

ಸ್ಪ್ಯಾಮ್‌ಹಾಸ್‌ನ ಜೆನ್ ಪಟ್ಟಿಯನ್ನು ನೀವು ಬಳಸುತ್ತಿದ್ದರೆ ಈ ಅಂಕಿಗಳು ಗೊತ್ತಿರಲಿ. 127.0.0.2ರಿಂದ 127.0.0.11ರ ನಡುವಿನ ಉತ್ತರ ಬಂದರೆ ನಿಜವಾಗಿ ಪಟ್ಟಿಯಲ್ಲಿದೆ. 127.255.255.254 ಬಂದರೆ ನೀವು ಸಾರ್ವಜನಿಕ ರಿಸಾಲ್ವರ್ ಮೂಲಕ ಕೇಳಿದ್ದೀರಿ ಎಂದು, 127.255.255.255 ಬಂದರೆ ಪ್ರಶ್ನೆಗಳು ಮಿತಿ ಮೀರಿವೆ ಎಂದು. ಹಾಗಾಗಿ ಎರಡು ಕೆಲಸ ಮಾಡಿ. ಸರ್ವರ್‌ನಲ್ಲೇ ಅನ್‌ಬೌಂಡ್ ತರಹದ ಸ್ವಂತ ರಿಸಾಲ್ವರ್ ಇಟ್ಟುಕೊಳ್ಳಿ, ಅದು ಬೇರೆ ಯಾರಿಗೂ ಫಾರ್ವರ್ಡ್ ಮಾಡದೆ ತಾನೇ ಕೇಳಲಿ. ಮತ್ತು ಪೋಸ್ಟ್‌ಫಿಕ್ಸ್ ಸಾಲಿನಲ್ಲಿ ಪಟ್ಟಿಯ ಹೆಸರಿನ ಕೊನೆಗೆ =127.0.0.[2..11] ಎಂದು ಸೇರಿಸಿ. ಆಗ ಬೇರೆ ಅಂಕಿ ಬಂದರೆ ಅದು ಸುಮ್ಮನೆ ಬಿಟ್ಟುಬಿಡುತ್ತದೆ.

ಯಾವುದೇ ಪಟ್ಟಿ ಆರೋಗ್ಯವಾಗಿದೆಯಾ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಈ ಪಟ್ಟಿಗಳಲ್ಲಿ ಐಪಿಯನ್ನು ತಿರುಗಿಸಿ ಕೇಳಬೇಕು: 192.0.2.10 ಅನ್ನು 10.2.0.192 ಎಂದು ಬರೆದು ಅದರ ಕೊನೆಗೆ ಪಟ್ಟಿಯ ಹೆಸರು ಹಾಕಿ ಡಿಗ್ ಕಮ್ಯಾಂಡ್‌ನಲ್ಲಿ ಕೇಳಬೇಕು. ಹಾಗೇ 127.0.0.2 ಕೇಳಿದರೆ ಯಾವಾಗಲೂ "ಇದೆ" ಎನ್ನಬೇಕು, 127.0.0.1 ಕೇಳಿದರೆ ಯಾವಾಗಲೂ "ಇಲ್ಲ" ಎನ್ನಬೇಕು. ಎರಡನೆಯದಕ್ಕೂ ಉತ್ತರ ಬಂದರೆ ಆ ಪಟ್ಟಿಯನ್ನು ಕೂಡಲೇ ತೆಗೆಯಿರಿ. ಸತ್ತ ಪಟ್ಟಿಗಳು ಹೀಗೆ ಮಾಡುತ್ತವೆ. ಎಎಚ್‌ಬಿಎಲ್ ಎಂಬ ಪಟ್ಟಿ 2015ರ ಶುರುವಿನಲ್ಲಿ ಕೇಳಿದ ಪ್ರತಿ ಐಪಿಗೂ "ಇದೆ" ಎನ್ನತೊಡಗಿತ್ತು. ಸಾರ್ಬ್ಸ್ 2024ರ ಜೂನ್‌ನಲ್ಲಿ ಮುಚ್ಚಿತು. ಹಳೆಯ ಕಾನ್ಫಿಗ್‌ನಿಂದ ಕಾಪಿ ಮಾಡಿಕೊಂಡವರ ಫೈಲಿನಲ್ಲಿ ಇಂಥ ಹೆಸರುಗಳು ಇನ್ನೂ ಇರಬಹುದು, ಈಗಲೇ ನೋಡಿ.

*ಕೆನಾಟ್ ಫೈಂಡ್ ಯುವರ್ ಹೋಸ್ಟ್‌ನೇಮ್.* ರಿಜೆಕ್ಟ್_ಅನ್‌ನೋನ್_ಕ್ಲೈಂಟ್_ಹೋಸ್ಟ್‌ನೇಮ್ ಎಂಬ ನಿಯಮ ತುಂಬಾ ಬಿಗಿ. ಐಪಿಯಿಂದ ಹೆಸರು, ಆ ಹೆಸರಿನಿಂದ ಅದೇ ಐಪಿ, ಎರಡೂ ಹೊಂದಬೇಕು ಎನ್ನುತ್ತದೆ. ಒಳ್ಳೆಯವರ ಸರ್ವರ್‌ಗಳೂ ಇದರಲ್ಲಿ ಸೋಲುತ್ತವೆ. ನನ್ನ ಸಲಹೆ, ರಿಜೆಕ್ಟ್_ಅನ್‌ನೋನ್_ರಿವರ್ಸ್_ಕ್ಲೈಂಟ್_ಹೋಸ್ಟ್‌ನೇಮ್ ಎಂಬ ಇನ್ನೊಂದು ನಿಯಮ ಬಳಸಿ. ಅದು ಐಪಿಗೆ ಏನೋ ಒಂದು ಹೆಸರಿದ್ದರೆ ಸಾಕು ಎನ್ನುತ್ತದೆ. ಹೆಲೋ ಹೆಸರು (ಬಂದ ಸರ್ವರ್ ತನ್ನ ಪರಿಚಯಕ್ಕೆ ಹೇಳುವ ಹೆಸರು) ಡಿಎನ್‌ಎಸ್‌ನಲ್ಲಿ ಇರಲೇಬೇಕು ಎಂಬ ನಿಯಮವೂ ಹೀಗೇ, ಅದು ಇಲ್ಲದಿದ್ದರೂ ನಡೆಯುತ್ತದೆ.

*ಎಲ್ಲರಿಗೂ 451.* ಇದು ನಮ್ಮ ಮನೆಯದೇ ಬೆಂಕಿ. "ಟೆಂಪರರಿ ಲುಕಪ್ ಫೇಲ್ಯೂರ್" ಎಂದಿದ್ದರೆ ಡೇಟಾಬೇಸ್ ನಿಂತಿದೆ ಅಥವಾ ಪಾಸ್‌ವರ್ಡ್ ಬದಲಾಗಿದೆ. "ಸರ್ವಿಸ್ ಅನ್‌ಅವೈಲಬಲ್ - ಟ್ರೈ ಅಗೇನ್ ಲೇಟರ್" ಎಂದಿದ್ದರೆ ಯಾವುದೋ ಮಿಲ್ಟರ್ ಬಿದ್ದಿದೆ. ವೈರಸ್ ಹುಡುಕುವ ಕ್ಲಾಮ್‌ಎವಿ ತಾನೊಂದೇ 1 ಜಿಬಿಗಿಂತ ಜಾಸ್ತಿ ಮೆಮೊರಿ ತಿನ್ನುತ್ತದೆ, ಸಣ್ಣ ಸರ್ವರ್‌ನಲ್ಲಿ ಕರ್ನಲ್ ಅದನ್ನು ಕೊಂದುಹಾಕುತ್ತದೆ. ಡಿಮೆಸೆಜ್ (ಕರ್ನಲ್‌ನ ಲಾಗ್) ನೋಡಿದರೆ ಗೊತ್ತಾಗುತ್ತದೆ. ಸಮಾಧಾನದ ವಿಷಯ ಅಂದರೆ ಇವೆಲ್ಲ 4ರ ಉತ್ತರಗಳು, ಮೇಲ್ ಕಳೆದುಹೋಗಿಲ್ಲ.

*ಗಾತ್ರ, 552 5.3.4.* ಪೋಸ್ಟ್‌ಫಿಕ್ಸ್‌ನ ಮೆಸೇಜ್_ಸೈಜ್_ಲಿಮಿಟ್ ಬದಲಾಯಿಸದಿದ್ದರೆ 10240000 ಬೈಟ್. ಅಟ್ಯಾಚ್‌ಮೆಂಟ್ ಮೇಲಿನಲ್ಲಿ ಹೋಗುವಾಗ ಬೇಸ್64 (ಬರೀ ಅಕ್ಷರಗಳ ರೂಪ) ಆಗಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಬ್ಬುತ್ತದೆ, ಹಾಗಾಗಿ ಏಳೂವರೆ ಎಂಬಿ ಫೈಲೇ ಮಿತಿ ದಾಟುತ್ತದೆ. ಈ ತಿರಸ್ಕಾರ "ಮೇಲ್ ಫ್ರಮ್" ಹಂತದಲ್ಲೇ ಆಗುವುದರಿಂದ ಲಾಗ್ ಸಾಲಿನಲ್ಲಿ ಪಡೆಯುವವರ ವಿಳಾಸವೇ ಇರುವುದಿಲ್ಲ, ವಿಳಾಸ ಹಾಕಿ ಗ್ರೆಪ್ ಮಾಡಿದರೆ ಸಿಗದು. ಕೋಡ್ ಹಾಕಿ ಹುಡುಕಿ. ಮಿತಿ ಏರಿಸುವಾಗ ಮೇಲ್‌ಬಾಕ್ಸ್ ಮಿತಿಗಿಂತ ಮೇಲೆ ಹೋಗದಂತೆ ನೋಡಿ, ಮತ್ತು ಕ್ಯೂ ಇರುವ ಡಿಸ್ಕ್‌ನಲ್ಲಿ ಆ ಮಿತಿಯ ಒಂದೂವರೆ ಪಟ್ಟು ಜಾಗ ಖಾಲಿ ಇರಲೇಬೇಕು. ಇಲ್ಲದಿದ್ದರೆ 452 4.3.1, ಜಾಗ ಸಾಲದು, ಎಂದು ಎಲ್ಲರನ್ನೂ ತಡೆಯುತ್ತದೆ. ಜಾಗ ಇದ್ದರೂ ಫೈಲ್ ಬರೆಯಲು ಆಗುತ್ತಿಲ್ಲವೆಂದರೆ ಐನೋಡ್ (ಡಿಸ್ಕ್‌ನಲ್ಲಿ ಎಷ್ಟು ಫೈಲ್ ಇಡಬಹುದು ಎಂಬ ಲೆಕ್ಕ) ಮುಗಿದಿರಬಹುದು, ಡಿಎಫ್‌ಗೆ ಐ ಆಪ್ಶನ್ ಕೊಟ್ಟು ನೋಡಿ.

*ಎಸ್‌ಪಿಎಫ್ ಫೇಲ್.* ಎಸ್‌ಪಿಎಫ್ ಅಂದರೆ ತಮ್ಮ ಮೇಲ್ ಯಾವ ಐಪಿಗಳಿಂದ ಬರಬಹುದು ಎಂದು ಡೊಮೇನ್‌ನವರು ಡಿಎನ್‌ಎಸ್‌ನಲ್ಲಿ ಬರೆದಿಡುವ ಪಟ್ಟಿ. ಒಬ್ಬರದೇ ಮೇಲ್ ಫೇಲ್ ಆದರೆ ತಪ್ಪು ಅವರ ರೆಕಾರ್ಡ್‌ನಲ್ಲಿರಬಹುದು; ಎಸ್‌ಪಿಎಫ್‌ಗೆ 10 ಡಿಎನ್‌ಎಸ್ ಹುಡುಕಾಟದ ಮಿತಿ ಇದೆ, ಜನ ಸೇರಿಸುತ್ತಾ ಹೋಗಿ ಅದನ್ನು ದಾಟಿಸುತ್ತಾರೆ. ಎಲ್ಲರದೂ ಫೇಲ್ ಆದರೆ ತಪ್ಪು ನಿಮ್ಮ ಕಡೆಯದು. ಲಾಗ್‌ನಲ್ಲಿ ಬರುವ ಐಪಿ ನೋಡಿ. ಎಲ್ಲ ಮೇಲೂ ಒಂದೇ ಐಪಿಯಿಂದ ಬಂದಂತೆ ಕಾಣುತ್ತಿದೆಯಾ? ಆಗ ನಡುವೆ ಯಾರೋ ಇದ್ದಾರೆ: ಬ್ಯಾಕಪ್ ಎಂಎಕ್ಸ್, ಸ್ಪ್ಯಾಮ್ ಗೇಟ್‌ವೇ, ಇಲ್ಲವೇ ಡಾಕರ್ (ಪ್ರೋಗ್ರಾಮನ್ನು ಕಂಟೇನರ್ ಒಳಗೆ ಓಡಿಸುವ ವ್ಯವಸ್ಥೆ). ಬ್ಯಾಕಪ್ ಅಥವಾ ಗೇಟ್‌ವೇ ಆದರೆ ಅವುಗಳ ಐಪಿಗೆ ಎಸ್‌ಪಿಎಫ್ ಪರೀಕ್ಷೆ ಬಿಟ್ಟುಬಿಡಿ. ಡಾಕರ್ ಆದರೆ, ಅಂದರೆ 172.17.0.1 ತರಹದ ಐಪಿ ಕಂಡರೆ, ಕೂಡಲೇ ಗಮನ ಕೊಡಿ. ಆ ಐಪಿ ಮೈನೆಟ್‌ವರ್ಕ್ಸ್ (ಸರ್ವರ್ ನಂಬುವ ಐಪಿಗಳ ಪಟ್ಟಿ) ಒಳಗೂ ಇದ್ದರೆ ಇಡೀ ಪ್ರಪಂಚ ನಿಮ್ಮ ಮನೆಯವರಂತೆ ಕಾಣುತ್ತದೆ, ನಿಮ್ಮದು ಓಪನ್ ರಿಲೇ (ಯಾರ ಮೇಲನ್ನಾದರೂ ಸಾಗಿಸುವ ಸರ್ವರ್) ಆಗಿರುತ್ತದೆ. ಮೊದಲು ಮೈನೆಟ್‌ವರ್ಕ್ಸ್‌ನಿಂದ ಅದನ್ನು ತೆಗೆದು, ಆಮೇಲೆ ಕಂಟೇನರ್‌ಗೆ ನಿಜವಾದ ಐಪಿ ತಲುಪುವಂತೆ ನೆಟ್‌ವರ್ಕ್ ಸರಿಮಾಡಿ.

*ಗ್ರೇಲಿಸ್ಟೆಡ್.* ಇದು ದೋಷವಲ್ಲ, ಹೊಸಬರನ್ನು ಸ್ವಲ್ಪ ಕಾಯಿಸುವ ನಿಯಮ. ಇದನ್ನು ಮಾಡುವ ಪೋಸ್ಟ್‌ಗ್ರೇ ಪ್ರೋಗ್ರಾಮ್ ಸಾಮಾನ್ಯವಾಗಿ 300 ಸೆಕೆಂಡ್ ಕಾಯಿಸುತ್ತದೆ. ದೊಡ್ಡ ಕಂಪನಿಗಳು ಪ್ರತಿ ಸಲ ಬೇರೆ ಐಪಿಯಿಂದ ಬರುವುದರಿಂದ ಅವರ ಮೇಲ್ ಗಂಟೆಗಟ್ಟಲೆ ತಡವಾಗಬಹುದು, ಅವರನ್ನು ವೈಟ್‌ಲಿಸ್ಟ್ ಮಾಡಿ.

*ಹಳೆಯ ಯಂತ್ರ, ಸ್ಕ್ರಿಪ್ಟ್‌ಗಳದ್ದು ಮಾತ್ರ ನಿಂತಿದ್ದರೆ* ಲಾಗ್‌ನಲ್ಲಿ "ಬೇರ್ ಎಲ್‌ಎಫ್" ಎಂಬ ಪದ ಹುಡುಕಿ. 2023ರ ಡಿಸೆಂಬರ್‌ನಲ್ಲಿ ಎಸ್‌ಎಂಟಿಪಿ ಸ್ಮಗ್ಲಿಂಗ್ ಎಂಬ ದೋಷ ಹೊರಬಂದ ಮೇಲೆ ಸಾಲಿನ ಕೊನೆಯನ್ನು ಸರಿಯಾಗಿ ಬರೆಯದವರ ಬಗ್ಗೆ ಪೋಸ್ಟ್‌ಫಿಕ್ಸ್ ಬಿಗಿಯಾಯಿತು. ಆ ರಕ್ಷಣೆಯನ್ನೇ ಆಫ್ ಮಾಡಬೇಡಿ, ಆ ಯಂತ್ರದ ಐಪಿಗೆ ಮಾತ್ರ ರಕ್ಷಣೆಯ ಎಕ್ಸ್‌ಕ್ಲೂಶನ್ಸ್ ಸೆಟ್ಟಿಂಗ್‌ನಲ್ಲಿ ವಿನಾಯಿತಿ ಕೊಡಿ.

ಹಂತ 5: ತಿದ್ದುವುದು, ಪರೀಕ್ಷಿಸುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ಪೋಸ್ಟ್‌ಕಾನ್ಫ್ ಕಮ್ಯಾಂಡ್‌ಗೆ ಎನ್ ಆಪ್ಶನ್ ಕೊಟ್ಟು ಈಗಿನ ಸೆಟ್ಟಿಂಗ್‌ಗಳನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ, ಆಮೇಲೆ ಕೈ ಹಾಕಿ. ಬದಲಾಯಿಸಿದ್ದು ಕೆಲಸ ಮಾಡುತ್ತಿಲ್ಲ ಅನಿಸಿದರೆ ಮಾಸ್ಟರ್ ಡಾಟ್ ಸಿಎಫ್ (ಪೋಸ್ಟ್‌ಫಿಕ್ಸ್‌ನ ಇನ್ನೊಂದು ಸೆಟ್ಟಿಂಗ್ ಫೈಲ್) ನೋಡಿ, ಅಲ್ಲಿ ಅದೇ ಸೆಟ್ಟಿಂಗ್ ಬೇರೆ ಬೆಲೆಯಲ್ಲಿ ಕೂತಿರಬಹುದು.

ಅನುಮಾನ ಇರುವ ನಿಯಮದ ಹೆಸರಿಗಿಂತ ಮೊದಲು ವಾರ್ನ್_ಇಫ್_ರಿಜೆಕ್ಟ್ ಎಂದು ಹಾಕಿ. ಆಗ ಅದು ಮೇಲನ್ನು ಬಿಡುತ್ತದೆ, "ತಡೆಯುತ್ತಿದ್ದೆ" ಎಂದು ಲಾಗ್‌ನಲ್ಲಿ ಮಾತ್ರ ಬರೆಯುತ್ತದೆ. ಒಂದು ವಾರ ಹಾಗೆ ಬಿಟ್ಟು, ಯಾರು ಯಾರು ಸಿಕ್ಕಿಬೀಳುತ್ತಿದ್ದರು ಎಂದು ನೋಡಿ, ಆಮೇಲೆ ತೀರ್ಮಾನಿಸಿ. ಹೊಸ ನಿಯಮ ಸೇರಿಸುವಾಗಲೂ ನಾನು ಹೀಗೇ ಮಾಡುವುದು.

ಪರೀಕ್ಷೆಗೆ ಸ್ವಾಕ್ಸ್ ಎಂಬ ಸಣ್ಣ ಪ್ರೋಗ್ರಾಮ್ ಬಳಸಿ, ಹೊರಗಿನ ಸರ್ವರ್‌ನಿಂದ. ಎರಡು ಸರ್ವರ್‌ಗಳ ಮಾತುಕತೆಯನ್ನು ಸಾಲು ಸಾಲಾಗಿ ತೋರಿಸುತ್ತದೆ. ಮೂರು ಮೇಲ್ ಕಳಿಸಿ: ನಿಜವಾದ ವಿಳಾಸಕ್ಕೆ ಒಂದು, ಇಲ್ಲದ ವಿಳಾಸಕ್ಕೆ ಒಂದು, ನಿಮ್ಮದಲ್ಲದ ಡೊಮೇನ್‌ಗೆ ಒಂದು. ಮೊದಲನೆಯದು ಒಳಗೆ ಬರಬೇಕು. ಉಳಿದ ಎರಡು ಬರಲೇಬಾರದು. ಮೂರನೆಯದು ಒಳಗೆ ಬಂದರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಮುಚ್ಚಿ.

ಎಲ್ಲ ಸರಿಯಾದ ಮೇಲೆ ಸಾಫ್ಟ್_ಬೌನ್ಸ್ ಅನ್ನು ನೋ ಮಾಡಿ ರೀಲೋಡ್ ಮಾಡಿ. ಕಾಯುತ್ತಿದ್ದ ಮೇಲ್ ಕೆಲವು ಗಂಟೆಯಲ್ಲಿ ತಾನಾಗಿ ಬರುತ್ತದೆ. ಆದರೆ ನೀವು ಅದನ್ನು ಹಾಕುವ ಮೊದಲೇ 5ರ ಉತ್ತರ ಪಡೆದವು ಮತ್ತೆ ಬರುವುದಿಲ್ಲ. ಆ ಅವಧಿಯ ರಿಜೆಕ್ಟ್ ಸಾಲುಗಳಿಂದ ಫ್ರಮ್ ವಿಳಾಸಗಳನ್ನು ತೆಗೆದು, ಸ್ಪ್ಯಾಮ್ ಬಿಟ್ಟು, ಉಳಿದವರ ಪಟ್ಟಿ ಮಾಡಿ ನಿಮ್ಮ ಬಳಕೆದಾರರಿಗೆ ಕೊಡಿ. ಮತ್ತೊಮ್ಮೆ ಕಳಿಸಿ ಎಂದು ಅವರೇ ಒಂದು ಮಾತು ಬರೆಯಲಿ.